ಗ್ರಾಫಿಕ್ಸ್ ಕಾರ್ಡ್ ಆಮೇಲೆ, ಮೊದಲು ಫ್ರಿಜ್ಜಿನ ಸ್ಟೆಬಿಲೈಸರ್ ನೋಡಿ

ರಾತ್ರಿ ಹತ್ತೂವರೆಗೆ ತಮ್ಮನ ಫೋನು. ಆ ಹೊತ್ತಿಗೆ ಇಚಿಲಂಪಾಡಿಯಿಂದ ಫೋನ್ ಬಂದರೆ ಬೆಂಗಳೂರಿನಲ್ಲಿ ಕೂತ ನನಗೆ ಒಮ್ಮೆ ಎದೆ ಧಸಕ್ಕೆನ್ನುತ್ತದೆ. ಅಪ್ಪನಿಗೆ ಹುಷಾರಿಲ್ಲವೋ, ತೋಟಕ್ಕೆ ಆನೆ ನುಗ್ಗಿತೋ ಅಂತ.

"ಅಕ್ಕ, ಪಿಸಿ ಪುನಃ ಆಫ್ ಆಯ್ತು. ಇನ್ನು ಸಾಕು ನಂಗೆ. ನನ್ನ ಹತ್ರ ಹದಿನೆಂಟು ಸಾವಿರ ಉಂಟು. ನೀನೊಂದು ಏಳು ಹಾಕ್ತೀಯಾ? ಹೊಸ ಗ್ರಾಫಿಕ್ಸ್ ಕಾರ್ಡ್ ತಗೊಳ್ಳುವ."

ಹದಿನೆಂಟು ಸಾವಿರ ಅವನಿಗೆ ಸುಮ್ಮನೆ ಬಂದದ್ದಲ್ಲ. ಎರಡು ವರ್ಷ ರಜೆಯಲ್ಲೆಲ್ಲ ನೆರೆಕರೆಯವರ ಅಡಿಕೆ ಹೆಕ್ಕಿ, ಸುಲಿದು, ಒಟ್ಟು ಮಾಡಿದ್ದು. ಪಿಸಿಯಾದರೂ ನನ್ನದೇ. 2018ರಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು ಜೋಡಿಸಿಕೊಂಡದ್ದು. ಐ5-8400 ಪ್ರೊಸೆಸರ್, 6 ಜಿಬಿಯ ಜಿಟಿಎಕ್ಸ್ 1060 ಕಾರ್ಡ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಆಗಿನ ಕಾಲಕ್ಕೆ ರಾಜನೇ. ಲ್ಯಾಪ್‌ಟಾಪ್ ಬಂದ ಮೇಲೆ ಅದನ್ನು ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಊರಿಗೆ ಸಾಗಿಸಿ ತಮ್ಮನಿಗೆ ಕೊಟ್ಟಿದ್ದೆ.

ಆ ರಾತ್ರಿಯೇ ಫೋನಿನಲ್ಲಿ ಕಾರ್ಡುಗಳನ್ನು ನೋಡಿ ಒಂದನ್ನು ಕಾರ್ಟಿಗೂ ಹಾಕಿದ್ದೆ. ಬಟನ್ ಒತ್ತಲಿಲ್ಲ. ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಆಟ ನಿಧಾನವಾಗುತ್ತದೆ ಅಂತ ಅವನು ಹೇಳಲಿಲ್ಲ, *ಆಫ್ ಆಯ್ತು* ಅಂದಿದ್ದ. ಕಾರ್ಡು ಹಳತಾದರೆ ಆಟ ತೆವಳುತ್ತದೆ, ದಿಢೀರನೆ ಆಫ್ ಆಗಲಿಕ್ಕೆ ಬೇರೆ ಕಾರಣ ಇರಬೇಕಲ್ಲ? ಗಣರಾಜ್ಯೋತ್ಸವ ಸೋಮವಾರ ಬಂದಿತ್ತು, ಮೂರು ದಿನ ರಜೆ. ನೋಡಿಯೇ ತೀರ್ಮಾನ ಮಾಡುವ ಅಂತ ಬಸ್ ಹತ್ತಿದೆ.

ಹಳೇ ಗೇಮಿಂಗ್ ಪಿಸಿ ಇಟ್ಟುಕೊಂಡು, ಕೈಯಲ್ಲಿ ಇಪ್ಪತ್ತು-ಇಪ್ಪತ್ತೈದು ಸಾವಿರ ಹಿಡಿದುಕೊಂಡು, ಮೊದಲು ಏನು ಬದಲಿಸಲಿ ಅಂತ ತಲೆ ಕೆರೆದುಕೊಳ್ಳುವವರು ನಮ್ಮಲ್ಲಿ ತುಂಬ ಮಂದಿ. ಆ ಮೂರು ದಿನಗಳಲ್ಲಿ ನಾನು ಕಲಿತದ್ದು ಅವರಿಗೂ ಉಪಯೋಗಕ್ಕೆ ಬರಬಹುದು.

ಪೈಪು ಸಣ್ಣದಾದರೆ ಪಂಪು ದೊಡ್ಡದಾಗಿ ಏನು?

ತೋಟಕ್ಕೆ ನೀರು ಬಿಡುವವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಐದು ಎಚ್‌ಪಿ ಪಂಪು ಕೂರಿಸಿ, ಒಂದು ಇಂಚಿನ ಪೈಪು ಎಳೆದರೆ ತುದಿಯ ಮರಕ್ಕೆ ನೀರು ಹೋಗುವುದಿಲ್ಲ. ಪಂಪನ್ನು ಏಳೂವರೆ ಎಚ್‌ಪಿಗೆ ಏರಿಸಿದರೂ ಅಷ್ಟೇ. ಅಡ್ಡಿ ಇರುವುದು ಪೈಪಿನಲ್ಲಿ.

ಪಿಸಿಯೂ ಹೀಗೆಯೇ. ಆಟದ ಒಂದೊಂದು ಚಿತ್ರವನ್ನೂ ಪ್ರೊಸೆಸರ್ ಲೆಕ್ಕ ಹಾಕಿ ಕೊಡಬೇಕು, ಗ್ರಾಫಿಕ್ಸ್ ಕಾರ್ಡ್ ಅದನ್ನು ಬಿಡಿಸಬೇಕು. ಬೇಕಾದ ಸಾಮಾನನ್ನು ಡಿಸ್ಕಿನಿಂದ ರ‍್ಯಾಮಿಗೆ ತಂದಿಟ್ಟುಕೊಳ್ಳಬೇಕು. ಇಷ್ಟಕ್ಕೂ ಕರೆಂಟು ಕೊಡುವುದು ಎಸ್‌ಎಂಪಿಎಸ್. ಈ ಸಾಲಿನಲ್ಲಿ ಯಾವುದು ಎಲ್ಲಕ್ಕಿಂತ ಹಿಂದೆ ಬಿದ್ದಿದೆಯೋ, ಇಡೀ ಯಂತ್ರದ ವೇಗ ಅಷ್ಟೇ. ಉಳಿದದ್ದಕ್ಕೆ ಹಾಕಿದ ದುಡ್ಡು ನೀರಿಗೆ ಹಾಕಿದ ಹಾಗೆ. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಅಡ್ಡಿ ಎಲ್ಲಿದೆ ಅಂತ ನಾವೇ ಕಂಡುಕೊಳ್ಳಬೇಕು. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಅರ್ಧ ಗಂಟೆಯ ಪರೀಕ್ಷೆ

ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡರೆ ಆಟ ನಡೆಯುವಾಗಲೇ ಪರದೆಯ ಮೂಲೆಯಲ್ಲಿ ಅಂಕಿಗಳು ಕಾಣುತ್ತವೆ. ಅದು ಬೇಡ ಅನ್ನಿಸಿದರೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡರೂ ಸಾಕು. ನೀವು ಹೆಚ್ಚು ಆಡುವ ಆಟವನ್ನೇ ಅರ್ಧ ಗಂಟೆ ಆಡಿ, ನಾಲ್ಕು ವಿಷಯ ಗಮನಿಸಿ.

ಗ್ರಾಫಿಕ್ಸ್ ಕಾರ್ಡಿನ ಬಳಕೆ ಸದಾ 95 ಶೇಕಡಾಕ್ಕಿಂತ ಮೇಲಿದ್ದು ಆಟ ನಿಧಾನವಿದ್ದರೆ ಅಡ್ಡಿ ಕಾರ್ಡಿನದ್ದೇ. ಖಚಿತ ಮಾಡಿಕೊಳ್ಳಲು ರೆಸಲ್ಯೂಷನ್ ಇಳಿಸಿ ನೋಡಿ. ಫ್ರೇಮ್ ರೇಟ್ ಚೆನ್ನಾಗಿ ಏರಿದರೆ ನಿಮ್ಮ ಊಹೆ ಸರಿ.

ಕಾರ್ಡು 50-60 ಶೇಕಡಾದಲ್ಲಿ ಆರಾಮವಾಗಿದ್ದು, ರೆಸಲ್ಯೂಷನ್ ಇಳಿಸಿದರೂ ಫ್ರೇಮ್ ರೇಟ್ ಅಲ್ಲಾಡದಿದ್ದರೆ ತಡ ಮಾಡುತ್ತಿರುವುದು ಪ್ರೊಸೆಸರ್. ಪ್ರೊಸೆಸರಿನ ಒಟ್ಟು ಬಳಕೆಯನ್ನು ಮಾತ್ರ ನೋಡಬೇಡಿ. ಆರು ಕೋರ್‌ಗಳಲ್ಲಿ ಒಂದು ಪೂರ್ತಿ ದಣಿದು ಉಳಿದವು ಖಾಲಿ ಕೂತಿದ್ದರೂ ಒಟ್ಟು ಅಂಕಿ ಕಮ್ಮಿಯೇ ಕಾಣುತ್ತದೆ. ಫ್ರೇಮ್ ರೇಟ್‌ಗೆ ಮಿತಿ ಹಾಕುವ ವಿ-ಸಿಂಕ್ ಕೂಡ ಆಫ್ ಇರಲಿ, ಇಲ್ಲದಿದ್ದರೆ ಕಾರ್ಡು ಸುಮ್ಮನೆ ಕೂತಂತೆ ಕಂಡು ಮೋಸ ಮಾಡುತ್ತದೆ.

ಆಟ ಸರಾಸರಿಯಲ್ಲಿ ಚೆನ್ನಾಗಿಯೇ ಓಡುತ್ತಾ ನಡುನಡುವೆ ಗಕ್ಕೆಂದು ನಿಂತರೆ ರ‍್ಯಾಮ್ ಮತ್ತು ಡಿಸ್ಕ್ ನೋಡಿ. ರ‍್ಯಾಮ್ ತುಂಬಿ ತುಳುಕುತ್ತಾ, ಡಿಸ್ಕ್ 100 ಶೇಕಡಾಕ್ಕೆ ಏರಿ ಕೂತಿರುತ್ತದೆ.

ಕೊನೆಯದು ಬಿಸಿ. ಶುರುವಿನಲ್ಲಿ ಚೆನ್ನಾಗಿದ್ದು ಹದಿನೈದು ನಿಮಿಷದಲ್ಲಿ ಮಂಕಾಗುವ ಪಿಸಿಗೆ ಹೊಸ ಬಿಡಿಭಾಗ ಬೇಕಾಗಿರುವುದಿಲ್ಲ, ಸ್ನಾನ ಬೇಕಾಗಿರುತ್ತದೆ.

ನಮ್ಮ ಪಿಸಿಯ ಮುಚ್ಚಳ ತೆಗೆದಾಗ ಮೊದಲು ಸಿಕ್ಕಿದ್ದು ಹಲ್ಲಿಯ ಎರಡು ಮೊಟ್ಟೆಚಿಪ್ಪು. ಪ್ರೊಸೆಸರಿನ ಫ್ಯಾನಿನ ಅಡಿಯಲ್ಲಿ ಅಡಿಕೆ ಸಿಪ್ಪೆಯ ನಾರು, ಧೂಳು ಸೇರಿ ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು. ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿದು ಬ್ಲೋವರ್ ಬಿಟ್ಟೆವು. ಗಾಳಿಗೆ ಫ್ಯಾನ್ ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ, ಅದಕ್ಕೆ. ಒಣಗಿ ಸುಣ್ಣದಂತಾಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸತು ಹಚ್ಚಿದೆವು. ತೊಂಬತ್ತು ಡಿಗ್ರಿ ದಾಟುತ್ತಿದ್ದ ಪ್ರೊಸೆಸರ್ ಎಪ್ಪತ್ತರ ಆಸುಪಾಸಿಗೆ ಇಳಿಯಿತು. ಖರ್ಚು ಒಂದು ಟ್ಯೂಬ್ ಪೇಸ್ಟಿನದ್ದು. ನಮ್ಮ ಕಡೆಯ ಮಳೆ, ತೇವ, ಧೂಳಿಗೆ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಇದನ್ನು ಮಾಡಲೇಬೇಕು.

ಸಂಜೆ ಆರೂಕಾಲಕ್ಕೆ

ಶನಿವಾರ ಮಧ್ಯಾಹ್ನ ಒಂದೂವರೆ ಗಂಟೆ ಆಡಿದರೂ ಪಿಸಿ ಆಫ್ ಆಗಲಿಲ್ಲ. ತಮ್ಮನಿಗೆ ನನಗಿಂತ ಹೆಚ್ಚು ಬೇಸರ. "ನೀನು ಬಂದದ್ದಕ್ಕೆ ಸರಿ ಆಯ್ತಾ ಎಂತದು?" ಅಂದ. "ಯಾವಾಗ ಆಫ್ ಆಗೋದು ಮಾರಾಯ?" ಕೇಳಿದೆ. "ಕಾಲೇಜಿಂದ ಬಂದ ಮೇಲೆ. ಸಂಜೆಗೆ."

ಸಂಜೆ ಆರು ಗಂಟೆಗೆ ಮತ್ತೆ ಕೂತೆವು. ಆಟ ಶುರುವಾಗಿ ಹತ್ತು-ಹದಿನೈದು ನಿಮಿಷ ಆಗಿರಬಹುದು, ಪರದೆ ಕಪ್ಪಾಯಿತು. ನೀಲಿ ಪರದೆಯಿಲ್ಲ, ತಪ್ಪಿನ ಸಂದೇಶವಿಲ್ಲ. ದೀಪ ಮಾತ್ರ ಉರಿಯುತ್ತಲೇ ಇತ್ತು, ಆದರೆ ಮಂಕಾಗಿ. ಒಳಗೆ ಅಡುಗೆಮನೆಯಲ್ಲಿ ಫ್ರಿಜ್ಜಿನ ಸ್ಟೆಬಿಲೈಸರ್ ಟಕ್ ಟಕ್ ಅನ್ನುತ್ತಿತ್ತು. ಹೋಗಿ ನೋಡಿದರೆ ಅದರ ಮೇಲಿನ ಕೆಂಪಂಕಿ 178. ಮಧ್ಯಾಹ್ನ ಅದೇ ಅಂಕಿ 225 ಇತ್ತು.

ಜನವರಿಯಿಂದ ಮಳೆ ಬರುವವರೆಗೆ ತೋಟಗಳಿಗೆ ನೀರು ಬಿಡುವ ಕಾಲ. ಸುತ್ತಲಿನ ಪಂಪುಗಳೆಲ್ಲ ಒಟ್ಟಿಗೆ ಓಡಿದರೆ ಲೈನಿನ ತುದಿಯ ಮನೆಗಳಲ್ಲಿ ವೋಲ್ಟೇಜ್ ಕುಸಿಯುತ್ತದೆ. ಅಮ್ಮನಿಗೆ ಇದು ಗೊತ್ತಿದ್ದದ್ದೇ. "ಆ ಹೊತ್ತಿಗೆ ಮಿಕ್ಸಿ ಸಹ ತಿರುಗುವುದಿಲ್ಲ, ನಿಮ್ಮ ಪಿಸಿ ಎಂತ ತಿರುಗುವುದು?" ಅಂದರು. ಫೋರಂ, ಯೂಟ್ಯೂಬು ಎಲ್ಲ ಜಾಲಾಡಿದ ತಮ್ಮ ಅಮ್ಮನನ್ನು ಒಂದು ಮಾತು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಅನ್ನಿ.

ಪಿಸಿಯ ಹಿಂಭಾಗಕ್ಕೆ ಟಾರ್ಚ್ ಹಿಡಿದು ಎಸ್‌ಎಂಪಿಎಸ್ ಮೇಲಿನ ಚೀಟಿ ಓದಿದೆ. ಇನ್‌ಪುಟ್: 200-240 ವೋಲ್ಟ್. ಅಂದರೆ 178ರಲ್ಲಿ ಕೆಲಸ ಮಾಡುತ್ತೇನೆ ಅಂತ ಅದು ಯಾವತ್ತೂ ಮಾತು ಕೊಟ್ಟಿರಲಿಲ್ಲ. ಅಂಗಳದಲ್ಲಿ ಬೆಂಗಳೂರಿನ ದುಡ್ಡು ಉಳಿಸಲು 2018ರಲ್ಲಿ ನಾನೇ ಆರಿಸಿದ ಅಗ್ಗದ ಎಸ್‌ಎಂಪಿಎಸ್ ಅದು. ಸುಮ್ಮನೆ ಬ್ರೌಸ್ ಮಾಡುವಾಗ ಹೇಗೋ ತಳ್ಳುತ್ತಿತ್ತು, ಆಟದ ಭಾರ ಬಿದ್ದಾಗ ಕೈಚೆಲ್ಲುತ್ತಿತ್ತು.

ಒಂದು ಕ್ಷಣ ಯೋಚಿಸಿ. ಜಿಟಿಎಕ್ಸ್ 1060 ಕಾರ್ಡಿನ ವಿದ್ಯುತ್ ಮಿತಿ 120 ವಾಟ್. ತಮ್ಮ ಆಸೆಪಟ್ಟಿದ್ದ ಆರ್‌ಟಿಎಕ್ಸ್ 3060ಯದ್ದು 170 ವಾಟ್. ಆ ರಾತ್ರಿ ನಾನು ಬಟನ್ ಒತ್ತಿದ್ದರೆ ಅವನ ಎರಡು ವರ್ಷದ ಅಡಿಕೆಯ ದುಡ್ಡು ಖರ್ಚಾಗಿ, ಪಿಸಿ ಮೊದಲಿಗಿಂತ ಬೇಗ ಆಫ್ ಆಗುತ್ತಿತ್ತು.

ಕರೆಂಟಿನ ಲೆಕ್ಕ

ಎಸ್‌ಎಂಪಿಎಸ್ ಕೊಳ್ಳುವಾಗ ವಾಟ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಊರಿನ ಮನೆಗೆ ಕೊಳ್ಳುವವರು ಇನ್ನೊಂದನ್ನೂ ಕೇಳಬೇಕು: ಇನ್‌ಪುಟ್ 100-240 ವೋಲ್ಟ್ ಇದೆಯಾ? ಆಕ್ಟಿವ್ ಪಿಎಫ್‌ಸಿ ಇರುವ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಜೊತೆಗೆ 80 ಪ್ಲಸ್ ಬ್ರಾಂಜ್ ದರ್ಜೆ, 550 ವಾಟ್ ಇದ್ದರೆ ಮಧ್ಯಮ ದರ್ಜೆಯ ಕಾರ್ಡುಗಳಿಗೆ ಧಾರಾಳ.

ಇದರ ಮೇಲೆ ಯುಪಿಎಸ್. ಕರೆಂಟು ಕಣ್ಣು ಮಿಟುಕಿಸಿದಾಗ ಎಸ್‌ಎಂಪಿಎಸ್ ತನ್ನ ಕೆಪಾಸಿಟರ್ ಬಲದಿಂದ ಪಿಸಿಯನ್ನು ಹಿಡಿದಿಡುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಅನ್ನುವವರು ಅದರ ಹಿಂಭಾಗದ ಸ್ವಿಚ್ ನೋಡಿ. ಹಲವು ಇನ್ವರ್ಟರುಗಳಲ್ಲಿ 'ನಾರ್ಮಲ್' ಮತ್ತು 'ಯುಪಿಎಸ್' ಅಂತ ಎರಡು ಸ್ಥಾನ ಇರುತ್ತದೆ. ನಾರ್ಮಲ್‌ನಲ್ಲಿ ಬ್ಯಾಟರಿಗೆ ಬದಲಾಗಲು ತೆಗೆದುಕೊಳ್ಳುವ ಸಮಯ ಫ್ಯಾನಿಗೆ, ಬಲ್ಬಿಗೆ ಸಾಕು, ಪಿಸಿಗೆ ಸಾಲದು. ಯುಪಿಎಸ್ ಸ್ಥಾನದಲ್ಲಿ ಬೇಗ ಬದಲಾಗುತ್ತದೆ, ಆದರೆ ವೋಲ್ಟೇಜ್ ಸ್ವಲ್ಪ ಇಳಿದರೂ ಬ್ಯಾಟರಿಗೆ ಹೋಗಿಬಿಡುತ್ತದೆ. ನಮ್ಮಂಥ ಲೋ ವೋಲ್ಟೇಜ್ ಜಾಗದಲ್ಲಿ ಸಂಜೆಯೆಲ್ಲ ಬ್ಯಾಟರಿ ಖಾಲಿಯಾಗುತ್ತಾ ಇರುತ್ತದೆ.

ಅದಕ್ಕೇ ಪಿಸಿಗೆ ಪ್ರತ್ಯೇಕ ಯುಪಿಎಸ್. ಲೈನ್ ಇಂಟರಾಕ್ಟಿವ್ ಜಾತಿಯ ಯುಪಿಎಸ್ ಒಳಗೇ ಸಣ್ಣ ಸ್ಟೆಬಿಲೈಸರ್ ಇರುವುದರಿಂದ, ಬ್ಯಾಟರಿ ಮುಟ್ಟದೆಯೇ ಇಳಿದ ವೋಲ್ಟೇಜನ್ನು ಎತ್ತಿ ಕೊಡುತ್ತದೆ. ಪೆಟ್ಟಿಗೆಯ ಮೇಲೆ ಇನ್‌ಪುಟ್ ಎಷ್ಟರಿಂದ ಎಷ್ಟು ಅಂತ ಬರೆದಿರುತ್ತದೆ, 150 ವೋಲ್ಟಿನ ಆಸುಪಾಸಿನವರೆಗೆ ತಡೆಯುವಂಥದ್ದು ಹುಡುಕಿ. 600 ವಿಎ ಅಂದರೆ 600 ವಾಟ್ ಅಲ್ಲ, ಸಾಮಾನ್ಯವಾಗಿ 360 ವಾಟ್. ಮುಂದೆ ದೊಡ್ಡ ಕಾರ್ಡು ಹಾಕುವ ಆಲೋಚನೆ ಇದ್ದರೆ 1000 ವಿಎ ಕಡೆಗೇ ಹೋಗುವುದು ಕ್ಷೇಮ. ಕರೆಂಟು ಹೋದ ಮೇಲೆ ಆಡುತ್ತಾ ಕೂರಲಿಕ್ಕೆ ಇದಲ್ಲ, ಆಟ ಉಳಿಸಿ ಮರ್ಯಾದೆಯಿಂದ ಆಫ್ ಮಾಡಲಿಕ್ಕೆ.

ಇನ್ನು ಸಿಡಿಲು. ನಮ್ಮ ಕಡೆ ಏಪ್ರಿಲ್-ಮೇಯ ಮಳೆಗೂ ಅಕ್ಟೋಬರ್-ನವೆಂಬರಿನ ಮಳೆಗೂ ಗುಡುಗು ಜಾಸ್ತಿ. ಸಿಡಿಲಿನ ಹೊಡೆತವನ್ನು ತಡೆಯುವ ಎಕ್ಸ್‌ಟೆನ್ಷನ್ ಬೋರ್ಡ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಪ್ಲಗ್ ಕೀಳುವುದೊಂದೇ ದಾರಿ. ಪಿಸಿಯ ಪ್ಲಗ್ ಮಾತ್ರ ಕಿತ್ತರೆ ಸಾಲದು, ಮೋಡೆಮ್‌ನಿಂದ ಬರುವ ಲ್ಯಾನ್ ಕೇಬಲ್ ಕೂಡ ಕೀಳಬೇಕು. ಫೈಬರ್ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ ನಿಜ, ಆದರೆ ಮೋಡೆಮ್‌ನ ಅಡಾಪ್ಟರ್ ಮೂಲಕ ಬಂದದ್ದು ಲ್ಯಾನ್ ತಂತಿಯಲ್ಲಿ ಮದರ್‌ಬೋರ್ಡ್ ತಲುಪಬಹುದು. ಮನೆಯ ಅರ್ತಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್‌ಗೆ ಒಮ್ಮೆ ತೋರಿಸಿ. ಬೇಸಗೆಯಲ್ಲಿ ಅರ್ತ್ ಗುಂಡಿ ಒಣಗಿ ಹೋಗಿರುತ್ತದೆ, ಆಗಾಗ ನೀರು ಹೊಯ್ಯಬೇಕು.

ಎರಡನೇ ಸರದಿ: ಎಸ್‌ಎಸ್‌ಡಿ ಮತ್ತು ರ‍್ಯಾಮ್

ಕರೆಂಟಿನ ಕಥೆ ಮುಗಿದ ಮೇಲೆ ಪರೀಕ್ಷೆಯ ಉಳಿದ ಅಂಕಿಗಳನ್ನು ನೋಡಿದೆವು. ಆಟ ಲೋಡ್ ಆಗುವಾಗ ಡಿಸ್ಕ್ 100 ಶೇಕಡಾ, ರ‍್ಯಾಮ್ ಕುತ್ತಿಗೆವರೆಗೆ.

ಸಾಮಾನ್ಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100ರಿಂದ 150 ಎಂಬಿ ಓದಬಲ್ಲದು. ಸಣ್ಣ ಸಣ್ಣ ಫೈಲುಗಳಾದರೆ ಅದೂ ಇಲ್ಲ. ಸಾಟಾ ಎಸ್‌ಎಸ್‌ಡಿ 550 ಎಂಬಿಯ ಹತ್ತಿರ ಓದುತ್ತದೆ. ಮೂರನೇ ತಲೆಮಾರಿನ ಎನ್‌ವಿಎಂಇ ಎಸ್‌ಎಸ್‌ಡಿ 3,500 ಎಂಬಿವರೆಗೆ. ಹಾಗಂತ ಎನ್‌ವಿಎಂಇ ಹಾಕಿದರೆ ಆಟ ಸಾಟಾಕ್ಕಿಂತ ಆರು ಪಟ್ಟು ಬೇಗ ತೆರೆಯುತ್ತದೆ ಅಂದುಕೊಳ್ಳಬೇಡಿ. ಹಾರ್ಡ್ ಡಿಸ್ಕಿನಿಂದ ಯಾವುದೇ ಎಸ್‌ಎಸ್‌ಡಿಗೆ ಬರುವಾಗ ಕಾಣುವ ವ್ಯತ್ಯಾಸವೇ ದೊಡ್ಡದು. ಎರಡು ಜಾತಿಯ ಎಸ್‌ಎಸ್‌ಡಿಗಳ ನಡುವಿನದ್ದು ಹೆಚ್ಚಿನ ಆಟಗಳಲ್ಲಿ ಕೆಲವೇ ಸೆಕೆಂಡು. ಮದರ್‌ಬೋರ್ಡಿನಲ್ಲಿ ಎಂ.2 ಜಾಗ ಇದ್ದು ಬೆಲೆ ಹತ್ತಿರವಿದ್ದರೆ ಎನ್‌ವಿಎಂಇ, ಇಲ್ಲದಿದ್ದರೆ ಸಾಟಾ. ಹಳೇ ಹಾರ್ಡ್ ಡಿಸ್ಕ್ ಎಸೆಯಬೇಡಿ. ನೂರು ಜಿಬಿಯ ಆಟವನ್ನು ಊರಿನ ಇಂಟರ್‌ನೆಟ್‌ನಲ್ಲಿ ಎರಡನೇ ಸಲ ಇಳಿಸಿಕೊಳ್ಳುವುದಕ್ಕಿಂತ ಹಾರ್ಡ್ ಡಿಸ್ಕಿನಲ್ಲಿ ಇಟ್ಟು, ಬೇಕಾದಾಗ ಎಸ್‌ಎಸ್‌ಡಿಗೆ ವರ್ಗಾಯಿಸುವುದು ಸುಲಭ.

ಎಸ್‌ಎಸ್‌ಡಿ ಫ್ರೇಮ್ ರೇಟ್ ಏರಿಸುವುದಿಲ್ಲ ಅನ್ನುವುದೂ ನೆನಪಿರಲಿ. ಲೋಡ್ ಆಗಲು ತಡವಾದರೆ ಯಾವಾಗಲೂ ಡಿಸ್ಕಿನದ್ದೇ ತಪ್ಪೂ ಅಲ್ಲ. ಜಿಟಿಎ ಆನ್‌ಲೈನ್ ತೆರೆಯಲು ವರ್ಷಗಟ್ಟಲೆ ಎಲ್ಲರೂ ನಿಮಿಷಗಟ್ಟಲೆ ಕಾಯುತ್ತಿದ್ದರು. 2021ರಲ್ಲಿ ಹೊರಗಿನ ಒಬ್ಬ ಪ್ರೋಗ್ರಾಮರ್ ತನಿಖೆ ಮಾಡಿ, ಆಟದ ಕೋಡಿನಲ್ಲೇ ಒಂದು ಪಟ್ಟಿಯನ್ನು ಮೂರ್ಖತನದಿಂದ ಮತ್ತೆ ಮತ್ತೆ ಓದುತ್ತಿರುವುದನ್ನು ಕಂಡುಹಿಡಿದ. ಅದನ್ನು ಸರಿಪಡಿಸಿದಾಗ ಅವನ ಪಿಸಿಯಲ್ಲಿ ಲೋಡ್ ಸಮಯ ಸುಮಾರು 70 ಶೇಕಡಾ ಇಳಿಯಿತು. ಕಂಪನಿ ಒಪ್ಪಿಕೊಂಡು ಅವನಿಗೆ 10,000 ಡಾಲರ್ ಬಹುಮಾನ ಕೊಟ್ಟಿತು.

ರ‍್ಯಾಮ್ ವಿಷಯಕ್ಕೆ ಬಂದರೆ, ನಮ್ಮ ಪಿಸಿಯಲ್ಲಿ 8 ಜಿಬಿಯ ಒಂದೇ ಕಡ್ಡಿ ಇತ್ತು. ಅದೇ ವೇಗದ ಇನ್ನೊಂದು ಕಡ್ಡಿ ಹಾಕಿದರೆ ಎರಡು ಲಾಭ. ಒಟ್ಟು 16 ಜಿಬಿ ಆಗುತ್ತದೆ, ಮತ್ತು ಎರಡು ದಾರಿಗಳಲ್ಲಿ ಒಟ್ಟಿಗೆ ಸಂಚಾರ ಶುರುವಾಗುತ್ತದೆ. 2666 ವೇಗದ ಡಿಡಿಆರ್4 ಒಂದೇ ಕಡ್ಡಿಯಲ್ಲಿ ಸೆಕೆಂಡಿಗೆ ಸುಮಾರು 21 ಜಿಬಿ ಸಾಗಿಸಿದರೆ, ಎರಡರಲ್ಲಿ ಸುಮಾರು 42. ನಾಲ್ಕು ಸ್ಲಾಟ್ ಇದ್ದರೆ ಯಾವ ಎರಡರಲ್ಲಿ ಹಾಕಬೇಕು ಅಂತ ಮದರ್‌ಬೋರ್ಡಿನ ಪುಸ್ತಕ ನೋಡಿ. ಸಾಮಾನ್ಯವಾಗಿ ಒಂದು ಬಿಟ್ಟು ಒಂದು.

ಆದರೆ ಈಗ ರ‍್ಯಾಮ್ ಕೊಳ್ಳುವುದು ಚಿನ್ನ ಕೊಂಡ ಹಾಗೆ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯಿಂದ ಬೆಲೆ ಏರಿದೆ. ಮೈಕ್ರಾನ್ ಕಂಪನಿಯಂತೂ ನಮ್ಮಂಥ ಗ್ರಾಹಕರಿಗೆ ಮಾರುವ ಕ್ರೂಷಿಯಲ್ ವ್ಯಾಪಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರಿನಲ್ಲಿ ಘೋಷಿಸಿತು. ನಾವು ಸೆಕೆಂಡ್ ಹ್ಯಾಂಡ್ ಕಡ್ಡಿಯೊಂದನ್ನು ಅಂಗಡಿಯಲ್ಲೇ ಪರೀಕ್ಷಿಸಿ ತಂದೆವು. ರ‍್ಯಾಮಿನಲ್ಲಿ ತಿರುಗುವ, ಸವೆಯುವ ಭಾಗ ಇಲ್ಲದ್ದರಿಂದ ಹಳತು ಕೊಳ್ಳಲು ಇದು ಅಷ್ಟು ಅಪಾಯವಿಲ್ಲದ ವಸ್ತು.

ಗ್ರಾಫಿಕ್ಸ್ ಕಾರ್ಡ್ ಯಾವಾಗ?

ತಮ್ಮನ ಆಸೆ ತಪ್ಪು ಅಂತ ನಾನು ಹೇಳುತ್ತಿಲ್ಲ. ಅವನ ಹೊಸ ಆಟಗಳಲ್ಲಿ ಕಾರ್ಡು 97-98 ಶೇಕಡಾದಲ್ಲಿ ಏದುಸಿರು ಬಿಡುತ್ತಿತ್ತು. ಅಲ್ಲಿ ಅಡ್ಡಿ ಕಾರ್ಡಿನದ್ದೇ. ಜಿಟಿಎಕ್ಸ್ 1060 ಬಂದದ್ದು 2016ರಲ್ಲಿ. ಈ ತಲೆಮಾರಿನ ಕಾರ್ಡುಗಳಿಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರಿನಲ್ಲಿ ನಿಲ್ಲಿಸಿದೆ, ಇನ್ನು 2028ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್ ಮಾತ್ರ. 2024ರ ಡಿಸೆಂಬರಿನ 'ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್', 2025ರ ಮೇಯ 'ಡೂಮ್: ದ ಡಾರ್ಕ್ ಏಜಸ್' ಥರದ ಆಟಗಳಿಗೆ ರೇ ಟ್ರೇಸಿಂಗ್ ಇರುವ ಕಾರ್ಡು ಕಡ್ಡಾಯ. ಜಿಟಿಎಕ್ಸ್ 1060ಯಲ್ಲಿ ಸೆಟ್ಟಿಂಗ್ ಎಷ್ಟು ಇಳಿಸಿದರೂ ಪ್ರಯೋಜನವಿಲ್ಲ.

ಆದರೆ ನೀವು ಆಡುವುದು ವ್ಯಾಲರೆಂಟ್, ಕೌಂಟರ್ ಸ್ಟ್ರೈಕ್ 2 ಥರದವು ಆಗಿದ್ದರೆ, ಮಾನಿಟರ್ 60 ಹರ್ಟ್ಸ್‌ನ ಹಳತಾಗಿದ್ದರೆ, ಹೊಸ ಕಾರ್ಡು ಕೊಡುವ ಹೆಚ್ಚಿನ ಫ್ರೇಮುಗಳನ್ನು ಆ ಮಾನಿಟರ್ ತೋರಿಸುವುದೇ ಇಲ್ಲ.

"ಜಿಟಿಎ 6 ಬರ್ತದಲ್ಲ ಅಕ್ಕ, ಅದಕ್ಕಾದ್ರೂ ಬೇಡ್ವಾ?" ಇದು ತಮ್ಮನ ಕೊನೆಯ ಅಸ್ತ್ರ. 2026ರ ನವೆಂಬರ್ 19 ಅಂತ ಘೋಷಿಸಿದ್ದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್‌ಗೆ. ಜಿಟಿಎ 5 ಕನ್ಸೋಲ್‌ಗೆ 2013ರಲ್ಲಿ ಬಂದು ಪಿಸಿಗೆ ಬಂದದ್ದು 2015ರಲ್ಲಿ. ರೆಡ್ ಡೆಡ್ ರಿಡೆಂಪ್ಷನ್ 2 ಕೂಡ ಪಿಸಿಗೆ ಒಂದು ವರ್ಷ ತಡವಾಗಿಯೇ ಬಂತು. ಬಾರದ ಆಟಕ್ಕೆ ಇವತ್ತೇ ಕಾರ್ಡು ಕೊಳ್ಳುವುದೆಂದರೆ ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ.

ಕೊಳ್ಳುವ ದಿನ ಬಂದಾಗ ಎರಡು ಎಚ್ಚರಿಕೆ. ಹಳೇ ಮದರ್‌ಬೋರ್ಡುಗಳಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಮೂರನೇ ಆವೃತ್ತಿ ಇರುತ್ತದೆ. ಆರ್‌ಎಕ್ಸ್ 6500 ಎಕ್ಸ್‌ಟಿಯಂಥ ಅಗ್ಗದ ಕಾರ್ಡು ಬರೇ ನಾಲ್ಕು ಲೇನ್ ಬಳಸುವುದರಿಂದ ಅಂಥ ಬೋರ್ಡಿನಲ್ಲಿ ಅದರ ಶಕ್ತಿ ಕುಗ್ಗುತ್ತದೆ. ಎರಡನೆಯದು ಕಾರ್ಡಿನ ಉದ್ದ. ಕ್ಯಾಬಿನೆಟ್ ಒಳಗೆ ಟೇಪು ಹಿಡಿದು ಅಳತೆ ಮಾಡಿಯೇ ಹೊರಡಿ.

ಪ್ರೊಸೆಸರ್: ಇಲ್ಲಿ ಬ್ರೇಕ್ ಹಾಕಿ

ಪ್ರೊಸೆಸರ್ ಬದಲಿಸುವುದು ಲಾಭವೋ ನಷ್ಟವೋ ಅನ್ನುವುದು ನಿಮ್ಮ ಮದರ್‌ಬೋರ್ಡಿನ ಹಣೆಬರಹ. ಎಎಂಡಿಯ ಎಎಂ4 ಬೋರ್ಡು ಇದ್ದವರು ಅದೃಷ್ಟವಂತರು. ರೈಜನ್ 2600 ಹಾಕಿಕೊಂಡವರು ಬಯಾಸ್ ಅಪ್‌ಡೇಟ್ ಮಾಡಿ ಅದೇ ಬೋರ್ಡಿನಲ್ಲಿ ರೈಜನ್ 5 5600 ಕೂರಿಸಬಹುದು, ಬೋರ್ಡು ಅದನ್ನು ಬೆಂಬಲಿಸುತ್ತದೆಯಾ ಅಂತ ತಯಾರಕರ ಪಟ್ಟಿ ನೋಡಿಕೊಂಡರೆ ಆಯಿತು. ಇಂಟೆಲ್ ಎಂಟನೇ ತಲೆಮಾರಿನ ನಮ್ಮ ಬೋರ್ಡು ಒಂಬತ್ತಕ್ಕೆ ಮುಗಿಯುತ್ತದೆ. ಅದಕ್ಕಿಂತ ಮೇಲೆ ಹೋಗಲು ಬೋರ್ಡು, ಪ್ರೊಸೆಸರ್ ಎರಡೂ ಬೇಕು, ಬಹುಶಃ ರ‍್ಯಾಮ್ ಕೂಡ. ಅದು ಅಪ್‌ಗ್ರೇಡ್ ಅಲ್ಲ, ಹೊಸ ಮನೆ ಕಟ್ಟಿದ ಹಾಗೆ.

ಬಯಾಸ್ ಅಪ್‌ಡೇಟ್ ಅಂದೆನಲ್ಲ, ಅದರ ಮಧ್ಯೆ ಕರೆಂಟು ಹೋದರೆ ಬೋರ್ಡೇ ಕೆಟ್ಟುಹೋಗಬಹುದು. ಊರಲ್ಲಿ ಯುಪಿಎಸ್ ಮೊದಲು ಅನ್ನಲು ಇದೂ ಒಂದು ಕಾರಣ.

ಇನ್ನೂ ವಿಂಡೋಸ್ 10ರಲ್ಲಿ ಇರುವವರಿಗೆ ಒಂದು ಮಾತು. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿದವರಿಗೆ 2026ರ ಅಕ್ಟೋಬರ್ 13ರವರೆಗೆ ಸಮಯ ಇದೆ. ಇಂಟೆಲ್‌ನಲ್ಲಿ ಎಂಟನೇ ತಲೆಮಾರು, ರೈಜನ್‌ನಲ್ಲಿ 2000 ಸರಣಿಯಿಂದ ಮೇಲಿದ್ದರೆ ಸಾಮಾನ್ಯವಾಗಿ ವಿಂಡೋಸ್ 11 ಹಾಕಬಹುದು. 'ನಿಮ್ಮ ಪಿಸಿ ಅರ್ಹವಲ್ಲ' ಅಂತ ಬಂದರೆ ಗಾಬರಿಯಾಗಬೇಡಿ. ಟಿಪಿಎಂ ಅನ್ನುವ ಸೌಲಭ್ಯ ಬಯಾಸ್‌ನಲ್ಲಿ ಆಫ್ ಇರುವುದೇ ಹೆಚ್ಚು ಸಲ ಕಾರಣ. ಇಂಟೆಲ್ ಬೋರ್ಡಿನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಆನ್ ಮಾಡಿದರೆ ಮುಗಿಯಿತು.

ಮುಂದಿನ ಪಿಸಿಗೂ ಹೋಗುವಂಥದ್ದು

ಎರಡು ಬಿಡಿಭಾಗಗಳ ನಡುವೆ ಮನಸ್ಸು ತೂಗಾಡಿದರೆ ಒಂದು ಸರಳ ಪ್ರಶ್ನೆ ಕೇಳಿಕೊಳ್ಳಿ. ನಾಳೆ ಈ ಪಿಸಿ ಸತ್ತರೆ ಇದು ಮುಂದಿನದಕ್ಕೆ ಬರುತ್ತದಾ? ಯುಪಿಎಸ್ ಬರುತ್ತದೆ. ಒಳ್ಳೆಯ ಎಸ್‌ಎಂಪಿಎಸ್, ಎಸ್‌ಎಸ್‌ಡಿ, ಮಾನಿಟರ್, ಗ್ರಾಫಿಕ್ಸ್ ಕಾರ್ಡ್ ಬರುತ್ತವೆ. ಡಿಡಿಆರ್4 ರ‍್ಯಾಮ್, ಹಳೇ ಸಾಕೆಟಿನ ಪ್ರೊಸೆಸರ್ ಬಹುತೇಕ ಬರುವುದಿಲ್ಲ. ಬರುವುದಕ್ಕೆ ಧಾರಾಳವಾಗಿ, ಬಾರದ್ದಕ್ಕೆ ಕೈ ಬಿಗಿಹಿಡಿದು ಖರ್ಚು ಮಾಡಿ.

ನಮ್ಮ ಲೆಕ್ಕ ಹೀಗಾಯಿತು. ಎಸ್‌ಎಂಪಿಎಸ್, ಯುಪಿಎಸ್ ಎರಡಕ್ಕೆ ಒಂಬತ್ತೂವರೆ ಸಾವಿರ. ಎಸ್‌ಎಸ್‌ಡಿ ಮತ್ತು ಸೆಕೆಂಡ್ ಹ್ಯಾಂಡ್ ರ‍್ಯಾಮಿಗೆ ಎಂಟು ಸಾವಿರ. ಯುಪಿಎಸ್ ಪೆಟ್ಟಿಗೆ ನೋಡಿ ತಮ್ಮನ ಮುಖ ಸಪ್ಪಗಾಗಿತ್ತು. "ಇದನ್ನು ಫ್ರೆಂಡ್ಸಿಗೆ ತೋರಿಸ್ಲಿಕ್ಕೆ ಆಗ್ತದಾ? ಇದ್ರಲ್ಲಿ ಲೈಟ್ ಸಹ ಇಲ್ಲ" ಅಂದ. ನಿಜ. ಎರಡು ವರ್ಷ ಬಿಸಿಲಲ್ಲಿ ಅಡಿಕೆ ಹೆಕ್ಕಿದವನಿಗೆ ಕಪ್ಪು ಪೆಟ್ಟಿಗೆಯೊಂದು ಬಹುಮಾನ ಅಲ್ಲ. ಅದಕ್ಕೇ ಆ ಒಂಬತ್ತೂವರೆ ಸಾವಿರ ನಾನು ಕೊಟ್ಟೆ. ಅಗ್ಗದ ಎಸ್‌ಎಂಪಿಎಸ್ ಆರಿಸಿದ್ದು ನಾನು ತಾನೇ, ಹಳೇ ಸಾಲ ತೀರಿಸಿದ ಹಾಗಾಯಿತು. ಅವನ ಹದಿನೆಂಟರಲ್ಲಿ ಹತ್ತು ಸಾವಿರ ಹಾಗೇ ಉಳಿಯಿತು, ಕಾರ್ಡಿಗೆ. ಮುಂದಿನ ಕೊಯ್ಲಿಗೆ ಇನ್ನಷ್ಟು ಸೇರುತ್ತದೆ, ಅಷ್ಟರಲ್ಲಿ ಯಾವ ಕಾರ್ಡು ಎಂದು ನೋಡಿಕೊಳ್ಳಲೂ ಸಮಯ ಸಿಗುತ್ತದೆ.

ಭಾನುವಾರ ಸಂಜೆ ಪಂಪುಗಳು ಶುರುವಾದವು. ಸ್ಟೆಬಿಲೈಸರ್ ಟಕ್ ಅಂದಿತು, ದೀಪ ಮಂಕಾಯಿತು. ಯುಪಿಎಸ್ ಕೂಡ ಒಳಗೊಳಗೇ ಒಮ್ಮೆ ಟಕ್ ಅಂದು ಸುಮ್ಮನಾಯಿತು. ಆಟ ನಿಲ್ಲಲಿಲ್ಲ. ತಮ್ಮ ಒಮ್ಮೆ ತಿರುಗಿ ನನ್ನ ಮುಖ ನೋಡಿ, ಮತ್ತೆ ಪರದೆಗೆ ಹೊರಳಿದ. ಹಿಂದೆ ಕಾಫಿ ಹಿಡಿದು ನಿಂತಿದ್ದ ಅಮ್ಮ ಕೇಳಿದ್ದು ಒಂದೇ: "ಈ ಡಬ್ಬಿಗೆ ಮಿಕ್ಸಿ ಹಾಕ್ಲಿಕ್ಕೆ ಆಗ್ತದಾ?"

ಆಗುವುದಿಲ್ಲ. ದಯವಿಟ್ಟು ನೀವೂ ಹಾಕಬೇಡಿ.

ಮೊನ್ನೆ ರಾತ್ರಿ ಮತ್ತೆ ಹತ್ತೂವರೆಗೆ ಫೋನು. ಎದೆ ಮತ್ತೆ ಧಸಕ್ಕೆಂದಿತು. "ಅಕ್ಕ, ಇಲ್ಲಿ ಜೋರು ಗುಡುಗು. ಪಿಸಿದು, ಮೋಡೆಮ್‌ದು, ಲ್ಯಾನ್ ಕೇಬಲ್ ಎಲ್ಲ ತೆಗ್ದಿಟ್ಟಿದ್ದೇನೆ. ಆಡ್ಲಿಕ್ಕೆ ಎಂತದೂ ಇಲ್ಲ, ಹಾಗೆ ಸುಮ್ನೆ ಫೋನ್ ಮಾಡಿದ್ದು."

ಒಂದು ಗಂಟೆ ಮಾತಾಡಿದೆವು.